ಹಿಡಿಯಿಲ್ಲದ ಬಾಗಿಲಿನ ಕಾರು

2019ರ ಮೇ 26, ಭಾನುವಾರ. ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷ. ಯೂಸ್‌ದಾಲ್ ಎಂಬ ಸಣ್ಣ ಊರಿನ ಪೊಲೀಸ್ ಠಾಣೆಯ ಮುಚ್ಚಿದ ಗಾಜಿನ ಬಾಗಿಲನ್ನು ಒಬ್ಬಾತ ಎರಡೂ ಕೈಯಿಂದ ಬಡಿಯುತ್ತಿದ್ದ. ಅಂದು ತಾಯಂದಿರ ದಿನ. ಊರಿಗೆ ಊರೇ ಅಮ್ಮನ ಮನೆಯಲ್ಲಿ ಕೇಕು ತಿನ್ನುತ್ತ ಕೂತಿತ್ತು. ಡ್ಯೂಟಿಯಲ್ಲಿದ್ದ ಇನ್ಸ್‌ಪೆಕ್ಟರ್ ಸಿಗ್ರಿಡ್ ನೂರ್ಲಿಂಗ್ ಕೂಡ ಐದಕ್ಕೆ ಬರುತ್ತೇನೆಂದು ತನ್ನ ಅಮ್ಮನಿಗೆ ಮಾತು ಕೊಟ್ಟಿದ್ದಳು. ಬಾಗಿಲು ಬಡಿಯುವ ರೀತಿ ನೋಡಿಯೇ ಆ ಮಾತು ನಡೆಯುವುದಿಲ್ಲವೆಂದು ಅವಳಿಗೆ ಗೊತ್ತಾಯಿತು.

ಬಂದವನು ರಿಕಾರ್ಡ್ ಶೇಡರ್, ನಲವತ್ತೊಂದು ವರ್ಷ, ಮರದ ಮಿಲ್ಲಿನಲ್ಲಿ ಮೇಲ್ವಿಚಾರಕ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅವನೂ ಅಮ್ಮನ ಮನೆಯಲ್ಲಿದ್ದ. ಮರಳಿ ಬಂದಾಗ ಕೊಟ್ಟಿಗೆಯಲ್ಲಿದ್ದ ಹಸಿರು ಬಣ್ಣದ 1951ರ ಮರ್ಕ್ಯುರಿ ಕಾರು ಇರಲಿಲ್ಲ.

“ಯಾರ ಮೇಲಾದ್ರೂ ಅನುಮಾನ?”

“ಇಲ್ಲ. ಅದಲ್ಲ ವಿಷ್ಯ.” ರಿಕಾರ್ಡ್ ಮೇಜಿನ ಮೇಲೆ ಬಾಗಿದ. “ಬ್ರೇಕ್ ಪೈಪು ಪೂರ್ತಿ ಬಿಚ್ಚಿಟ್ಟಿದೀನಿ. ಇಂಜಿನ್ ಓಡುತ್ತೆ. ಪೆಡಲ್ ಒತ್ತಿದ್ರೆ ಕಾರು ನಿಲ್ಲಲ್ಲ. ತಗೊಂಡು ಹೋದೋರಿಗೆ ಅದು ಗೊತ್ತಿಲ್ದಿದ್ರೆ?”

ಸಿಗ್ರಿಡ್ ಪೆನ್ನು ಕೆಳಗಿಟ್ಟಳು. ಅಲ್ಲಿಯವರೆಗೆ ಅದೊಂದು ಕಳ್ಳತನದ ದೂರಾಗಿತ್ತು. ಸುತ್ತಲ ರಸ್ತೆಗಳೆಲ್ಲ ಏರಿಳಿತದವು. ಭಾನುವಾರ ಮಕ್ಕಳು ಸೈಕಲ್ ಬಿಡುತ್ತಿರುತ್ತಾರೆ. ಅವಳು ಗಸ್ತಿನ ವಾಹನಗಳಿಗೆಲ್ಲ ವೈರ್‌ಲೆಸ್‌ನಲ್ಲಿ ಸುದ್ದಿ ಕೊಟ್ಟಳು. ಅಪಘಾತದ ಕರೆ ಬಂದಿದೆಯೇ ಎಂದು ಆಂಬುಲೆನ್ಸ್‌ನವರನ್ನು ಕೇಳಿದಳು. ಬಂದಿರಲಿಲ್ಲ. ಇನ್ನೂ ಬಂದಿಲ್ಲ ಎಂಬುದರಿಂದ ಸಮಾಧಾನವೇನೂ ಆಗಲಿಲ್ಲ.

ಐದೂಕಾಲಿಗೆ ಕೊಟ್ಟಿಗೆಯಲ್ಲಿ ಮಹಜರು ಶುರುವಾಯಿತು. ಕಾನ್‌ಸ್ಟೇಬಲ್ ಹೋಕನ್ ಬರೆದುಕೊಳ್ಳುತ್ತ ಹೋದ. ಬಾಗಿಲಿಗೆ ಬೀಗವಿಲ್ಲ, ಮರದ ಅಗುಳಿ ಮಾತ್ರ. ಕಾರಿನ ಬ್ಯಾಟರಿ ಚಾರ್ಜಿಗೆ ಹಾಕಿದಂತೆಯೇ ಬೆಂಚಿನ ಮೇಲಿದೆ. ಒಡೆದ ಗಾಜಿನ ಚೂರಿಲ್ಲ. ಗೋಡೆಗೆ ಇನ್ನೊಂದು ಕಾರಿನಿಂದ ಕೊಯ್ದು ತಂದ ಟಾಪು, ಅಂದರೆ ಮೇಲ್ಚಾವಣಿ, ಒರಗಿದೆ.

ಆ ಟಾಪಿಗೆ ಒಂದು ಕತೆಯಿತ್ತು. ಮೂರು ವರ್ಷದ ಹಿಂದೆ ಹೊಲಮನೆ ಕೊಂಡಾಗ ಹುಲ್ಲಿನಡಿ ಈ ಕಾರು ರಿಕಾರ್ಡನಿಗೆ ಸಿಕ್ಕಿತ್ತು. ದಾಖಲೆಯಲ್ಲಿದ್ದ ಮಾಲೀಕ ಆಲ್ವಾರ್ ಹೆಗ್ 1971ರಲ್ಲೇ ಸತ್ತಿದ್ದ, ವಾರಸುದಾರರು ಯಾರೂ ಉಳಿದಿರಲಿಲ್ಲ. ರಿಕಾರ್ಡ್ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಅವಧಿ ಮುಗಿಯುವವರೆಗೆ ಕಾದು, ಕಾರನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ಕಾಗದಪತ್ರದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಕಾರು ಕಂಪನಿಯಿಂದ ಬಂದ ಹಾಗಿರಲಿಲ್ಲ. ಅರವತ್ತರ ದಶಕದಲ್ಲಿ ಈ ಕಡೆಯ ಅಮೆರಿಕನ್ ಕಾರಿನ ಹುಚ್ಚರು ಮಾಡುತ್ತಿದ್ದಂತೆ ಅದರ ಟಾಪು ಕೊಯ್ದು ನಾಲ್ಕು ಅಂಗುಲ ಇಳಿಸಿ ಬೆಸೆದಿದ್ದರು, ಬಾಗಿಲ ಹಿಡಿಗಳನ್ನು ಕಿತ್ತು ತೂತುಗಳನ್ನು ಸೀಸದಿಂದ ನುಣ್ಣಗೆ ಮುಚ್ಚಿದ್ದರು. ರಿಕಾರ್ಡನಿಗೆ ಅದು ಹಾಳುಗೆಡವಿದ ಕಾರು. ಮರುದಿನ ಸೋಮವಾರ ಬೆಳಿಗ್ಗೆ ಎಂಟಕ್ಕೆ ಆ ಕುಳ್ಳ ಟಾಪು ಕೊಯ್ದು ತೆಗೆದು ಎತ್ತರದ್ದನ್ನು ಕೂರಿಸಿ, ಕಾರನ್ನು ಮೊದಲಿನಂತೆ ಮಾಡುವುದೆಂದು ನಿಗದಿಯಾಗಿತ್ತು.

“ಹಿಡಿ ಇಲ್ಲ ಅಂದ್ರೆ ಬಾಗಿಲು ಹೇಗೆ ತೆಗೀತಿದ್ದೆ?” ಸಿಗ್ರಿಡ್ ಕೇಳಿದಳು.

ರಿಕಾರ್ಡ್ ಮೊಳೆಗೆ ನೇತುಹಾಕಿದ್ದ ಕೊಕ್ಕೆಯ ತಂತಿ ತೋರಿಸಿದ. ಚಿಕ್ಕ ಕಿಟಕಿಯಿಂದ ಅದನ್ನು ತೂರಿಸಿ ಎಳೆಯುತ್ತಿದ್ದ. ಇಂಥ ಕಾರಿನಲ್ಲಿ ಹೊರಗಡೆ ಎಲ್ಲೋ ಒಂದು ಗುಟ್ಟಿನ ಸ್ವಿಚ್ಚಿರುತ್ತದೆ, ಒತ್ತಿದರೆ ಬಾಗಿಲು ಚಿಮ್ಮಿ ತೆರೆಯುತ್ತದೆ. ಮೂರು ವರ್ಷ ಹುಡುಕಿದರೂ ಅವನಿಗೆ ಸಿಕ್ಕಿರಲಿಲ್ಲ.

“ಕೀ?”

“ನನ್ನ ಜೇಬಲ್ಲೇ ಇದೆ.”

ತಂತಿ ಮೊಳೆಯಲ್ಲಿ, ಕೀ ಜೇಬಿನಲ್ಲಿ, ಬ್ಯಾಟರಿ ಬೆಂಚಿನ ಮೇಲೆ. ಬಂದವರು ಬ್ಯಾಟರಿ ತಂದಿದ್ದರು, ಅವರ ಬಳಿ ಇನ್ನೊಂದು ಕೀ ಇತ್ತು, ಸ್ವಿಚ್ಚು ಎಲ್ಲಿದೆಯೆಂದು ಗೊತ್ತಿತ್ತು. ಆಲ್ವಾರನ ಕಾಲದಲ್ಲಿ ಈ ಕಾರಿನಲ್ಲಿ ಓಡಾಡಿದವರೇ ಇರಬೇಕು ಎಂದಳು ಸಿಗ್ರಿಡ್. ಹೋಕನ್ ಬೆರಳು ಮಡಿಸಿ ಲೆಕ್ಕ ಹಾಕಿದ. ಹಾಗಾದರೆ ಕಳ್ಳನಿಗೆ ಎಪ್ಪತ್ತಾದರೂ ಆಗಿರಬೇಕು, ಕಣ್ಣು ಸರಿಯಿದೆಯೋ ಇಲ್ಲವೋ ಎಂದ. ಬ್ರೇಕಿಲ್ಲದ ಕಾರಿನಲ್ಲಿ ಮುದುಕನೊಬ್ಬ ಇರಬಹುದೆಂದು ಸಿಗ್ರಿಡ್ ಗಸ್ತಿನವರಿಗೆ ಮತ್ತೆ ಸುದ್ದಿ ಕೊಟ್ಟಳು.

ಹೋಕನ್ ರಸ್ತೆಯುದ್ದಕ್ಕೂ ಮನೆಮನೆ ವಿಚಾರಿಸಿದ. ಕಾರನ್ನು ಎಲ್ಲರೂ ನೋಡಿದ್ದರು! ಯಾರಿಗೂ ಏನೂ ಅನ್ನಿಸಿರಲಿಲ್ಲ. ಮೇ ತಿಂಗಳಲ್ಲಿ ಈ ಸೀಮೆಯಲ್ಲಿ ಹಳೆಯ ಅಮೆರಿಕನ್ ಕಾರು ಹೋಗದಿದ್ದರೆ ತಾನೇ ಆಶ್ಚರ್ಯ. ಪೆಟ್ರೋಲ್ ಬಂಕಿನಾತ ಕೈ ಬೀಸಿದ್ದನಂತೆ.

“ಓಡಿಸ್ತಿದ್ದೋರು ಯಾರು?” ಎಂದು ಹೋಕನ್ ಅವನನ್ನು ಕೇಳಿದ.

“ಅಂಥಾ ಕಾರು ಹೋಗ್ತಿರೋವಾಗ ಓಡಿಸೋರ ಮುಖ ಯಾವನ್ ನೋಡ್ತಾನಯ್ಯಾ?”

ಕೊನೆಗೆ ಕಂಡವರು ಎರಡೂ ಇಪ್ಪತ್ತಕ್ಕೆ ಕಂಡಿದ್ದರು, ಸರೋವರದ ಕಡೆ ತಿರುಗುವ ಕೈಮರದ ಬಳಿ. ಅಲ್ಲಿಂದ ಮುಂದೆ ಒಂದೂವರೆ ಕಿಲೋಮೀಟರ್ ಇಳಿಜಾರು, ಕೊನೆಗೆ ನೀರು. ಇಳಿಜಾರಿನ ನಂತರ ಕಾರು ಕಂಡವರು ಒಬ್ಬರೂ ಇಲ್ಲ. ಹೋಕನ್ ಫೋನಿನಲ್ಲಿ ಇದನ್ನು ಹೇಳುವಾಗ ದನಿ ತಗ್ಗಿಸಿದ. ಮುಳುಗುಗಾರರನ್ನು ಕರೆಸಲೇ ಎಂದು ಕೇಳಿದ. ಮೊದಲು ದಂಡೆ ಪೂರ್ತಿ ನಡೆದು ನೋಡು, ಟೈರಿನ ಗುರುತು ಹುಡುಕು ಎಂದಳು ಸಿಗ್ರಿಡ್.

ಆರೂ ನಲವತ್ತಕ್ಕೆ ಅವಳು ವೃದ್ಧಾಶ್ರಮದಲ್ಲಿದ್ದಳು. ಆಲ್ವಾರನ ಗೆಳೆಯರ ಕೂಟದ ಹಳೆಯ ಫೋಟೋ ಬಂಕಿನ ಕಾಫಿ ಅಂಗಡಿಯಲ್ಲಿ ತೂಗುತ್ತಿತ್ತು; ಅದರಲ್ಲಿದ್ದ ನಾಲ್ವರು ಹುಡುಗರಲ್ಲಿ ಬದುಕಿದ್ದವರು ಸ್ಟೂರೆ ವೀಕ್ ಒಬ್ಬರೇ. ಎಂಬತ್ತು ವರ್ಷ, ಗಾಲಿಕುರ್ಚಿ. ಕಾರು ಕದ್ದವರು ಅವರಲ್ಲವೆಂಬುದು ನೋಡಿದೊಡನೆ ಗೊತ್ತಾಯಿತು.

“ಆ ಸ್ವಿಚ್ಚು ಯಾರಿಗೆ ಗೊತ್ತಿತ್ತು, ಸ್ಟೂರೆ? ಆಲ್ವಾರ್ ನಿಮಗೆ ಹೇಳಿದ್ನಾ?”

ಸ್ಟೂರೆ ಕೆಮ್ಮುವವರೆಗೂ ನಕ್ಕರು. “ಆಲ್ವಾರ್‌ಗೇ ಸಿಗ್ತಿರ್ಲಿಲ್ಲ ಕಣಮ್ಮ! ಮಂಜಲ್ಲಿ ನಿಂತ್ಕೊಂಡು ‘ಮೈವೋರ್, ಬಾರೇ, ಬಾಗಿಲು ತೆಗಿಯೇ’ ಅಂತ ಗೋಗರೀತಿದ್ದ. ಟಾಪು ಕೊಯ್ದವಳು ಅವಳು. ಟಿಂಕರಿಂಗ್, ಗ್ಯಾಸ್ ವೆಲ್ಡಿಂಗ್, ಸೀಸ ತುಂಬಿದ್ದು, ಎಲ್ಲ ಅವಳೇ. ನಾವು ಬೀರು ಕುಡ್ಕೊಂಡು ಸಲಹೆ ಕೊಡ್ತಿದ್ವಿ.”

“ಇದನ್ನ ಯಾರೂ ಹೇಳ್ಲೇ ಇಲ್ವಲ್ಲ.”

“ಯಾರು ಕೇಳಿದ್ರು?”

ಫೋಟೋದಲ್ಲಿ ಬಾನೆಟ್ಟಿನ ಮೇಲೆ ಕೂತ ಹುಡುಗಿಯೊಬ್ಬಳಿದ್ದಳು. ಸಿಗ್ರಿಡ್ ಅವಳನ್ನು ಎಣಿಕೆಗೇ ತೆಗೆದುಕೊಂಡಿರಲಿಲ್ಲ. ಈಗ ತನ್ನ ಮೇಲೆಯೇ ಸಿಟ್ಟು ಬಂತು. ಮೈವೋರ್ ಈಗ ಎಲ್ಲಿದ್ದಾರೆ ಎಂದು ಕೇಳಿದಳು. ಸರೋವರದ ದಂಡೆಯಲ್ಲೇ ಅವರ ಮನೆ. ಪಕ್ಕದ ನೃತ್ಯಮಂಟಪದ ಬೀಗದ ಕೈಯೂ ಅವರ ಬಳಿಯೇ, ಬೇಸಿಗೆಯಲ್ಲಿ ಕುಣಿಯಲು ಬಂದವರಿಗೆ ಕಾಫಿ ಮಾಡಿ ಕೊಡುವವರು ಅವರು ಎಂದರು ಸ್ಟೂರೆ.

ಸಿಗ್ರಿಡ್ ಆ ಇಳಿಜಾರಿನಲ್ಲಿ ನಿಧಾನವಾಗಿ ಇಳಿದಳು. ತಿರುವು ತಿರುವಿನಲ್ಲೂ ತಡೆಗೋಡೆ ಮುರಿದಿದೆಯೇ ಎಂದು ನೋಡಿದಳು. ಮುರಿದಿರಲಿಲ್ಲ. ಕೆಳಗೆ ಹೋಕನ್ ಮಂಟಪದ ದೊಡ್ಡ ಬಾಗಿಲ ಮುಂದೆ ನಿಂತು ಹುಲ್ಲಿನ ಮೇಲಿನ ಟೈರಿನ ಗುರುತು ತೋರಿಸಿದ. ಗುರುತು ನೀರಿನ ಕಡೆ ಹೋಗಿರಲಿಲ್ಲ. ಸಮಯ ಏಳೂ ಇಪ್ಪತ್ತೈದು.

ಬಾಗಿಲಿಗೆ ಅಗುಳಿ ಹಾಕಿರಲಿಲ್ಲ. ಕುಣಿತದ ಹಲಗೆ ನೆಲದ ನಡುವೆ ಹಸಿರು ಮರ್ಕ್ಯುರಿ, ಒಂದು ಗೀರೂ ಇಲ್ಲದೆ, ಚಕ್ರಕ್ಕೆ ಸೌದೆ ಕೊಟ್ಟು ನಿಂತಿತ್ತು. ಅದರ ಪಕ್ಕ ಮಡಚುವ ಕುರ್ಚಿಯಲ್ಲಿ ಮೈವೋರ್, ಎಪ್ಪತ್ತಾರು ವರ್ಷ, ಮೊಣಕಾಲಲ್ಲಿ ಗ್ರೀಸು. ಫ್ಲಾಸ್ಕಿನ ಜೊತೆ ಮೂರು ಲೋಟಗಳಿದ್ದವು.

“ಬ್ರೇಕ್ ಇರ್ಲಿಲ್ಲ ಅಂತ ಗೊತ್ತಿತ್ತಾ ನಿಮಗೆ?” ಸಿಗ್ರಿಡ್‌ಳ ದನಿ ಏರಿತ್ತು.

“ಕಾರಿನಡಿ ತೂರಿ ನೋಡ್ದೇ ತೆಗೀತೀನಾ? ಹ್ಯಾಂಡ್‌ಬ್ರೇಕಿಗೆ ಬೇರೆ ಕೇಬಲ್ಲು, ಅದು ಸರಿಯಿತ್ತು. ಫಸ್ಟ್ ಗೇರಲ್ಲೇ ಬಂದೆ. ಇಳಿಜಾರಲ್ಲಿ ನನ್ನ ಜೀವಾನೂ ಕೈಯಲ್ಲಿತ್ತು, ಸುಳ್ಳು ಹೇಳಲ್ಲ.”

“ಯಾರಾದ್ರೂ ಮಗು ಅಡ್ಡ ಬಂದಿದ್ರೆ?”

ಮೈವೋರ್ ಫ್ಲಾಸ್ಕಿನ ಮುಚ್ಚಳ ಬಿಗಿದರು. “ಅದಕ್ಕೆ ಏನು ಶಿಕ್ಷೆ ಇದೆಯೋ ಕೊಡಿ,” ಎಂದರು.

ಅವರನ್ನು ದಸ್ತಗಿರಿ ಮಾಡಿ ಠಾಣೆಗೆ ಕರೆತಂದರು. ಎಂಟೂಕಾಲಿಗೆ ಹೇಳಿಕೆ ದಾಖಲಾಯಿತು. ಕಾರನ್ನು 1963ರಲ್ಲಿ ಅವರೂ ಆಲ್ವಾರನೂ ಕೂಡಿ ಕೊಂಡಿದ್ದರು. ಆಗ ಮೈವೋರ್‌ಗೆ ಇಪ್ಪತ್ತು. ಹೆಸರಿಗೆ ಮಾಡಿಸಲು ಇಪ್ಪತ್ತೊಂದಾಗಿರಬೇಕಿತ್ತು, ಹಾಗಾಗಿ ಕಾಗದ ಆಲ್ವಾರನ ಹೆಸರಿನಲ್ಲೇ ಆಯಿತು. ಅವನು ಸತ್ತಾಗ ಅವರಿಬ್ಬರ ಮದುವೆಯಾಗಿರಲಿಲ್ಲ. ನೀನು ಯಾರು ಎಂದು ಕೇಳಿ ಅವನ ಚಿಕ್ಕಪ್ಪ ಕೊಟ್ಟಿಗೆಯ ಬಾಗಿಲು ಹಾಕಿದ. ಹೆಣ್ಣಿಗೆ ವೆಲ್ಡಿಂಗ್ ಕೆಲಸ ಕೊಡುವ ಗ್ಯಾರೇಜು ಸಿಗದೆ ಮೈವೋರ್ ಮೂವತ್ತೊಂದು ವರ್ಷ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ದುಡಿದರು. ಟಾಪು ಮುಟ್ಟಬೇಡವೆಂದು ರಿಕಾರ್ಡನಿಗೆ ಎರಡು ಪತ್ರ ಬರೆದರು. ಅವನು ಮರ್ಯಾದೆಯಿಂದಲೇ ಉತ್ತರಿಸಿ, ಟಾಪು ಕೊಯ್ಯುವ ದಿನವನ್ನೂ ತಿಳಿಸಿ, ಜೊತೆಗೆ ಮಾಲೀಕತ್ವದ ಪ್ರತಿ ಲಗತ್ತಿಸಿದ್ದ. ಪತ್ರ ಬರೆದ ಮುದುಕಿಯೇ ಕಾರು ಓಡಿಸಿಕೊಂಡು ಹೋದಾಳೆಂದು ಅವನಿಗೆ ಹೊಳೆದೇ ಇರಲಿಲ್ಲ.

“ಬರ್ಕೊಳಮ್ಮ. ಕಾರು ನಂದು ಅಂತ ನನ್ನ ತಕರಾರು,” ಎಂದರು ಮೈವೋರ್. “ಇನ್ನು ಕೋರ್ಟಲ್ಲಿ ತೀರ್ಮಾನ ಆಗೋವರೆಗೂ ಅದನ್ನ ಯಾರೂ ಮುಟ್ಟೋಹಾಗಿಲ್ಲ, ಅಲ್ವಾ?”

“ಇಲ್ಲ. ನಮ್ಮ ವಶದಲ್ಲಿರುತ್ತೆ.”

“ಎಷ್ಟು ದಿನ?”

“ಒಂದೂವರೆ ವರ್ಷ. ಎರಡೂ ಆಗ್ಬಹುದು.” ಸಿಗ್ರಿಡ್ ಕಾಗದದಿಂದ ತಲೆಯೆತ್ತಿದಳು. “ಮೈವೋರ್, ನೀವು ಸೋಲ್ತೀರಿ. ಕಾಗದ ಎಲ್ಲ ಅವನ ಹತ್ರ ಇದೆ.”

“ಗೊತ್ತು. ನಂಗೆ ಎಪ್ಪತ್ತಾರು. ಮೆಲ್ಲಗೆ ಸೋಲ್ತೀನಿ ಬಿಡು.”

ಅಡಗಿಸಿಡಲು ಕಾಡಿನಲ್ಲಿ ಬೇಕಾದಷ್ಟು ಜಾಗವಿದ್ದರೂ ಆಕೆ ಅಗುಳಿ ಹಾಕದೆ ಮೂರು ಲೋಟವಿಟ್ಟುಕೊಂಡು ಕೂತದ್ದೇಕೆಂದು ಸಿಗ್ರಿಡ್‌ಳಿಗೆ ಆಗ ಅರ್ಥವಾಯಿತು. ಕೃತ್ಯದ ಉದ್ದೇಶ ಎಂಬ ಕಾಲಮಿನಲ್ಲಿ ಅವಳು ಮೊದಲು ‘ಕಳ್ಳತನ’ ಎಂದು ಬರೆದು ಹೊಡೆದುಹಾಕಿದಳು. ಕೊನೆಗೆ ಹೀಗೆ ಬರೆದಳು: ಆರೋಪಿಯು ತನ್ನ ಜೀವಮಾನದಲ್ಲಿ ಕೊಯ್ದು ಬೆಸೆದ ಕಾರು ಇದೊಂದೇ, ತಾನು ಬದುಕಿರುವವರೆಗೆ ಅದು ಹಾಗೆಯೇ ಇರಲಿ ಎಂಬ ಆಸೆ.

ಮೈವೋರ್ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿ ಸಹಿ ಮಾಡಿದರು.