ಅಲಮಾರಿಯೊಳಗಿನ ಉಡಿ

"ಆ ಅಲಮಾರಿ ಮುಖ ಗ್ವಾಡಿ ಕಡೀನೇ ಇರಲಿ ತಂಗಿ. ತಿರುವಬ್ಯಾಡ್ರಿ."

ಕೀಲಿ ಕೊಡುವಾಗ ಮನೆಯೊಡತಿ ಸುಭದ್ರಾಬಾಯಿ ಹೇಳಿದ್ದು ಇಷ್ಟೇ. ಮಧುಮತಿ ನಕ್ಕಳು. ಅಫಜಲಪುರದ ಕಾಲೇಜಿಗೆ ರಸಾಯನಶಾಸ್ತ್ರ ಕಲಿಸಲು ಬಂದವಳು ಅವಳು. ಗೋಡೆಗೆ ಮುಖ ಮಾಡಿ ನಿಲ್ಲಲು ಅಲಮಾರಿ ಏನು ಪಾಠ ಒಪ್ಪಿಸದ ಹುಡುಗನೇ ಎಂದು ಕೇಳಿದಳು. ಮುದುಕಿ ನಗಲಿಲ್ಲ.

ಸಾಮಾನು ತಂದ ಟೆಂಪೋದವನು ದೇವೀಂದ್ರಪ್ಪ. ಕಸ ಹೊಡೆದು ನೆಲ ಒರೆಸಲು ಹೆಂಡತಿ ಶರಣಬಸಮ್ಮನನ್ನೂ ಕರೆತಂದಿದ್ದ. ಡಬ್ಬಿ ಇಳಿಸುತ್ತ ಚಾಷ್ಟಿ ಮಾಡಿದ. "ಪುಸ್ತಕದ ಡಬ್ಬಿ ಏಳು, ಭಾಂಡೆದ್ದು ಒಂದೇ. ಸಾಹೇಬ್ರು ಓದೇ ಹೊಟ್ಟಿ ತುಂಬಿಸ್ಕೋತಾರೇನ್ರಿ ಮೇಡಂ?" ಸೆರಗು ಬಾಯಿಗೆ ಹಿಡಿದು ಶರಣಬಸಮ್ಮ ನಕ್ಕಳು.

ಅವರು ಹೋದ ಮೇಲೆ ಮಧುಮತಿಯ ಗಂಡ ಸತೀಶಕುಮಾರ ಮಂಚ ಜೋಡಿಸಿದ. ಫ್ರಿಜ್ಜು ಅಡುಗೆಮನೆಯ ಬಾಗಿಲಲ್ಲಿ ಹಿಡಿಸದೆ ಪಡಸಾಲೆಯಲ್ಲೇ ಉಳಿಯಿತು. ಬಟ್ಟೆಯ ಗಂಟುಗಳಿಗೆ ಮಾತ್ರ ಜಾಗವಿರಲಿಲ್ಲ. ಒಳಕೋಣೆಯ ಕತ್ತಲಲ್ಲಿ ಸಾಗವಾನಿ ಅಲಮಾರಿ ಬೆನ್ನು ತೋರಿಸಿ ನಿಂತಿತ್ತು. ಒಂದು ಕೈ ಹಚ್ಚಲು ಗಂಡನನ್ನು ಕರೆದಳು. ಕಲ್ಲಿನ ನೆಲದ ಮೇಲೆ ಕಿರುಗುಟ್ಟುತ್ತ ಅದು ಹೊರಳಿತು.

ಬಾಗಿಲು ತೆರೆದಾಗ ಮುಗ್ಗಿದ ಅಕ್ಕಿಯ ವಾಸನೆ ಬಂತು. ಅದರ ಹಿಂದೆ ಅರಿಶಿನದ್ದು. ಹಸಿರು ಖಣದಲ್ಲಿ ಕಟ್ಟಿದ ಉಡಿ. ಅಕ್ಕಿ, ಉತ್ತತ್ತಿ, ಅರಿಶಿನ ಕೊಂಬು, ಐದು ಬಳೆ. ಮುತ್ತೈದೆಯ ಸೆರಗಿಗೆ ಹಾಕುವಂಥದ್ದೇ ಎಲ್ಲ. ಆದರೆ ಕೊಬ್ಬರಿ ಬಟ್ಟಲಿಗೆ ಮೊಳೆ ಹೊಡೆದಿತ್ತು. ಮೊಳೆಗೆ ಉದ್ದನೆಯ ಕೂದಲು ಸುತ್ತಿತ್ತು.

ಮಧುಮತಿ ಅದನ್ನು ಓಣಿಯ ತಿಪ್ಪೆಗೆ ಎಸೆದು ಬಂದು ಸೀರೆಗಳನ್ನು ಜೋಡಿಸಿದಳು.

ಮರುದಿನ ಅದು ಅವಳ ಮದುವೆಯ ಸೀರೆಯ ಮೇಲಿತ್ತು.

ಅಂದೇ ಸತೀಶನಿಗೆ ಕೆಮ್ಮು ಹತ್ತಿತು. ಎಕ್ಸರೇಯಲ್ಲಿ ಏನೂ ಇಲ್ಲವೆಂದರು. ಮೂರನೆಯ ಬೆಳಿಗ್ಗೆ ಅವನು ತಲೆದಿಂಬಿನ ಮೇಲೆ ಕೆಮ್ಮಿದ್ದು ಕಫವಲ್ಲ. ಅಕ್ಕಿ. ಹಳದಿ ಅಕ್ಕಿ. ನುಸಿ ಹರಿದಾಡುತ್ತಿತ್ತು. ಒಳಕೋಣೆಯಲ್ಲಿ ಬಳೆ ಸದ್ದಾಯಿತು. ಅವನು ಕೆಮ್ಮಿದಾಗಲೆಲ್ಲ ಒಂದು ಸದ್ದು.

ಪಕ್ಕದ ಮನೆಗೆ ಓಡಿದಳು. ಸುಭದ್ರಾಬಾಯಿ ಬಳೆಯಿಲ್ಲದ ತನ್ನ ಬರಿಗೈ ಮುಂದೆ ಚಾಚಿ ತೋರಿಸಿದಳು.

"ನಾನೂ ತೆಗೆದಿದ್ದೆ ತಂಗಿ. ನಮ್ಮ ಯಜಮಾನ್ರು ಹೋದ ಮ್ಯಾಲ ಸುಮ್ಮನಾತು. ಉಡಿ ಹಂಗ ಬಂದದ್ದು ಉಡಿ ಹಂಗೇ ಹೋಗಬೇಕು. ಇನ್ನೊಬ್ಬ ಮುತ್ತೈದಿ ಸೆರಗೊಡ್ಡಿ ತಗೋಬೇಕು. ಉಡಿಗೆ ಒಲ್ಲೆ ಅನ್ನವರು ಯಾರದಾರ?"

"ಮತ್ತ ನೀವ್ಯಾಕ ಯಾರಿಗೂ ಹಾಕಲಿಲ್ರಿ?"

"ಕೈ ಬರಲಿಲ್ಲ."

ಮಧುಮತಿ ಮನೆಗೆ ಬಂದಳು. ಸತೀಶನ ತುಟಿ ನೀಲಿಗಟ್ಟಿತ್ತು. ಸಾಮಾನು ಇಳಿಸಿದ ದಿನದಿಂದ ಮನೆಗೆಲಸಕ್ಕೆ ಬರುತ್ತಿದ್ದ ಶರಣಬಸಮ್ಮ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಮಧುಮತಿ ಅವಳಿಗೆ ಕೈ ತೊಳೆದು ಬರಲು ಹೇಳಿದಳು. ಮಣೆ ಹಾಕಿ, ಮೂಡಲಕ್ಕೆ ಮುಖ ಮಾಡಿ ಕೂರಿಸಿದಳು. ಕುಂಕುಮ ಹಚ್ಚಿದಳು. ಹಳೆಯ ಗಂಟಿನ ಮೇಲೆ ಹೊಸ ಹಸಿರು ಖಣ ಸುತ್ತಿದ್ದಳು. ಯಾಕ್ರಿ ಮೇಡಂ, ಇವತ್ತೇನು ವಿಶೇಷ ಎಂದು ಕೇಳುತ್ತಲೇ ಶರಣಬಸಮ್ಮ ಸೆರಗೊಡ್ಡಿದಳು. ಅವಳ ಕಣ್ಣುಗಳು ತುಂಬಿದ್ದವು. ಮಧುಮತಿ ಗಂಟನ್ನು ಹಾಕಿದಳು.

ಅವಳ ಕೈ ನಡುಗಲಿಲ್ಲ. ನಾಚಿಕೆಯಾಗಿದ್ದು ಆಮೇಲೆ, ಕೈ ನಡುಗಲಿಲ್ಲವೆಂಬುದಕ್ಕೆ.

ಸಂಜೆಗೆ ಸತೀಶ ಎದ್ದು ಕೂತು ಎರಡು ರೊಟ್ಟಿ ಉಂಡ. ಒಳಕೋಣೆಯಲ್ಲಿ ಸದ್ದಿರಲಿಲ್ಲ.

ಶರಣಬಸಮ್ಮ ಮರುದಿನದಿಂದ ಬರಲಿಲ್ಲ. ದೇವೀಂದ್ರಪ್ಪನಿಗೆ ಘತ್ತರಗಿಯ ದಾರಿಯಲ್ಲಿ ಟೆಂಪೋ ಓಡಿಸುವಾಗಲೇ ಕೆಮ್ಮು ಹತ್ತಿತಂತೆ. ನಾಲ್ಕನೆಯ ದಿನ ಹೋದನಂತೆ. ಕೊನೆಯ ನೀರು ಬಿಡಲು ಬಾಯಿ ತೆರೆಸಿದವರಿಗೆ ಒಳಗೆ ಹಳದಿ ಅಕ್ಕಿ ಕಂಡಿತಂತೆ. ಓಣಿಯವರು ಹೇಳುತ್ತಿದ್ದರು.

ಹದಿನೈದು ದಿನದ ಮೇಲೆ ಶರಣಬಸಮ್ಮ ಬಂದಳು. ಹಣೆ ಬೋಳು. ಕೈಯಲ್ಲಿ ಒಗೆದು ಮಡಿಸಿದ ಹೊಸ ಖಣ.

"ನಾ ಇನ್ನ ಹಸರು ಹಾಕೊಳ್ಳಂಗಿಲ್ರಿ ಮೇಡಂ. ಹೊಸಾದದ, ನೀವೇ ಇಟ್ಕೋರಿ. ಒಳಗಿನ ಗಂಟು ಬಿಚ್ಚಿಲ್ರಿ, ಹಂಗೇ ದೇವರ ಮುಂದ ಅದ." ತಡೆದು ಮತ್ತೆ ಹೇಳಿದಳು. "ನಮ್ಮವ್ವ ಸತ್ತ ಮ್ಯಾಲ ನನ್ನ ಉಡಿ ತುಂಬಿದವರು ನೀವೊಬ್ರೇ. ಅದನ್ನ ಮರೆಯಂಗಿಲ್ರಿ."

ಮಧುಮತಿಯ ಕೈಗಳು ಬೆನ್ನ ಹಿಂದೆ ಹೋದವು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಶರಣಬಸಮ್ಮ ಖಣ ಹಿಡಿದು ಹಾಗೆಯೇ ನಿಂತಿದ್ದಳು.

ಒಳಗಿನಿಂದ ಸತೀಶನ ಗಟ್ಟಿ ದನಿ ಬಂತು. ಅಲಮಾರಿಯನ್ನು ಯಾವ ಕಡೆ ತಿರುಗಿಸಿ ಇಡಲಿ ಎಂದು ಕೇಳುತ್ತಿದ್ದ.

ಮಧುಮತಿ ಗೋಡೆಗೆ ಮುಖ ಮಾಡಿ ನಿಂತಳು.