ಹಾಡು ಅಳಿಸಿದ ಕೀಬೋರ್ಡ್

"ದುಂಡವ್ವ ಬಾಯಾರ, ನಾ ಅಳಿಸಿಲ್ರಿ," ಎಂದಳು ಆ ಹುಡುಗಿ, ಹೊಸ್ತಿಲು ದಾಟುವ ಮೊದಲೇ.

ಚಿಕ್ಕೋಡಿಯ ದುಂಡವ್ವನ ಪಡಸಾಲೆಗೆ ಹೀಗೆ ಹೇಳುತ್ತ ಬಂದವರನ್ನು ಭೀಮಸಿ ಬಹಳ ನೋಡಿದ್ದ. ದುಂಡವ್ವ ಪೊಲೀಸ್ ಇಲಾಖೆಯಿಂದ ನಿವೃತ್ತಳಾಗಿ ವರ್ಷಗಳಾದರೂ ಅಥಣಿಯಿಂದ ನಿಪ್ಪಾಣಿಯವರೆಗೆ ಎಲ್ಲರಿಗೂ ಅವಳು ಇನ್ನೂ ಫೌಜದಾರ ದುಂಡವ್ವನೇ. ಹಾರೂಗೇರಿಯ ಬಂಗಾರದಂಗಡಿಯ ಕಳವು, ಉಗಾರ ಖುರ್ದದಲ್ಲಿ ಕಾಣೆಯಾದ ಮದುಮಗ, ಎರಡನ್ನೂ ಬಗೆಹರಿಸಿದವಳು ಅವಳು. ನೌಕರಿಯ ಕೊನೆಯ ವರ್ಷಗಳನ್ನು ಬೆಳಗಾವಿಯ ಪೊಲೀಸ್ ಕಂಪ್ಯೂಟರ್ ವಿಭಾಗದಲ್ಲಿ ಕಳೆದಿದ್ದಳು. ಭೀಮಸಿ ಬಸ್ ಓಡಿಸಿ ನಿವೃತ್ತನಾದವನು, ಪಕ್ಕದ ಮನೆಯವನು. ಈಗ ಅವಳ ಹಳೆಯ ಜೀಪು ಅವನ ಕೈಯಲ್ಲಿತ್ತು. ದುಂಡವ್ವನನ್ನು ಎಲ್ಲಿಗೆ ಕರೆದೊಯ್ದರೂ ಸಾಹೇಬರನ್ನು ಕರೆದೊಯ್ಯುವಷ್ಟೇ ಗತ್ತಿನಿಂದ ಓಡಿಸುತ್ತಿದ್ದ.

ಹುಡುಗಿಯ ಹೆಸರು ಶುಭಾಂಗಿ. ಅಕ್ಕೋಳದವಳು. ಜೊತೆಗೆ ಅವಳ ಅಜ್ಜಿ ಸತ್ತೆವ್ವ ಬಂದಿದ್ದಳು. ಆಯುಷ್ಯವೆಲ್ಲ ಬೀಡಿ ಕಟ್ಟಿದ ಅವಳ ಬೆರಳುಗಳು ಸುಮ್ಮನೆ ಕೂತಾಗಲೂ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಿದ್ದವು.

"ಮೊದಲಿಂದ ಹೇಳವಾ," ಎಂದಳು ದುಂಡವ್ವ.

ಶುಭಾಂಗಿ ಹೇಳಿದಳು. ನಿಪ್ಪಾಣಿಯಲ್ಲಿ 'ಹಾಡಿನ ಮನೆ' ಎಂಬ ಸಂಸ್ಥೆಯಿತ್ತು. ಅದರ ಹಿರಿಯರಾದ ಶಾಂತಿನಾಥ ಮಾಸ್ತರು ಟೇಪ್ ರೆಕಾರ್ಡರ್ ಹಿಡಿದು ಚಿಕ್ಕೋಡಿ, ರಾಯಬಾಗ, ಕಾಗವಾಡದ ಊರೂರು ತಿರುಗಿ ಹೆಂಗಸರ ಹಾಡು ಕೂಡಿಸಿದ್ದರು. ಬೀಡಿ ಕಟ್ಟುವಾಗಿನ ಹಾಡು, ಬೀಸುವಾಗಿನ ಹಾಡು, ಕನ್ನಡದವು, ಮರಾಠಿಯವು, ಎರಡೂ ಕಲೆತವು. ಹಾಡಿದವರಲ್ಲಿ ಎಷ್ಟೋ ಮಂದಿ ಈಗ ಇರಲಿಲ್ಲ. ಟೇಪುಗಳಿಗೆ ಬೂಷ್ಟು ಹಿಡಿದಾಗ ಕೊಲ್ಹಾಪುರದ ಒಂದು ಬ್ಯಾಂಕು ತಾನು ಬದಲಿಸಿದ ದೊಡ್ಡ ಸರ್ವರ್ ಕಂಪ್ಯೂಟರನ್ನು ದಾನ ಕೊಟ್ಟಿತ್ತು. ಅದರೊಳಗೆ ಒಂದೊಂದೇ ಹಾಡು ತುಂಬಿದವಳು ಶುಭಾಂಗಿ. ಟೇಪುಗಳು ಮಣ್ಣುಪಾಲಾಗಿದ್ದವು. ಬರುವ ರವಿವಾರ ಹಾಡಿನ ಮನೆಯ ಉದ್ಘಾಟನೆ.

"ನಿನ್ನೆ ಮುಂಜಾನೆ ಹಾಡಿದವರ ಹೆಸರಿನ ಪಟ್ಟಿ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಪ್ರೆಸ್ಸಿಗೆ ಹೋಗಿದ್ದೆ. ತಿರುಗಿ ಬಂದು ನೋಡಿದ್ರ ಸರ್ವರ್ ಖಾಲಿ ಆಗಿತ್ರಿ. ವಿಂಡೋಸೂ ಇಲ್ಲ, ಹಾಡೂ ಇಲ್ಲ."

"ಇನ್ನೊಂದು ಕಾಪಿ?"

"ಒಂದು ಹಾರ್ಡ್‌ಡಿಸ್ಕ್ ಕೊಡಿಸ್ರಿ ಅಂತ ಕೇಳಿದ್ದೆ. ಉದ್ಘಾಟನೆ ಆಗಲಿ, ನೋಡೂಣು ಅಂದ್ರು."

"ನಿನ್ನ ಮ್ಯಾಲ ಯಾಕ ಸಂಶಯ?"

ಹುಡುಗಿ ತಲೆ ತಗ್ಗಿಸಿದಳು. ಆಮಂತ್ರಣ ಪತ್ರಿಕೆಯಲ್ಲಿ ಹಾಡಿದ ಹೆಂಗಸರ ಹೆಸರಿಲ್ಲವೆಂದು ಹಿಂದಿನ ವಾರ ಮಾಸ್ತರರ ಜೊತೆ ಜೋರು ಜಗಳವಾಡಿದ್ದಳು. ಅದರ ಮೇಲೆ ಸಂಜಯನ ಸಾಕ್ಷಿ. ಸಂಜಯ ನಿಪ್ಪಾಣಿಯಲ್ಲಿ ಕಂಪ್ಯೂಟರ್ ಮತ್ತು ರೆಕಾರ್ಡಿಂಗ್ ಅಂಗಡಿ ಇಟ್ಟವನು. ಸರ್ವರ್ ಕೂಡಿಸಿದವನೂ, ದುರಸ್ತಿ ನೋಡುವವನೂ ಅವನೇ. ಶುಭಾಂಗಿ ಪೆನ್‌ಡ್ರೈವ್ ಚುಚ್ಚಿ, ಪ್ರೆಸ್ಸಿಗೆ ಹೋಗುವ ಮೊದಲು ಸರ್ವರನ್ನು ಅದರಿಂದಲೇ ಚಾಲೂ ಮಾಡಿ ಎಲ್ಲ ಅಳಿಸಿದ್ದನ್ನು ಗಾಜಿನ ಬಾಗಿಲ ಹೊರಗಿಂದ ಕಂಡೆನೆಂದು ಅವನು ಹೇಳಿದ್ದ. ನಾಳೆ, ಶನಿವಾರ, ಮಾಸ್ತರು ಪೊಲೀಸರಿಗೆ ದೂರು ಕೊಡುವವರಿದ್ದರು.

"ಭೀಮಸಿ, ಜೀಪ್ ತೆಗಿ," ಎಂದಳು ದುಂಡವ್ವ.

ನಿಪ್ಪಾಣಿ ಹತ್ತಿರವಾದಾಗ ಚಹಾದಂಗಡಿಯೊಂದರ ಮುಂದೆ ನಿಲ್ಲಿಸಿದರು. ಒಳಗಿನ ಸ್ಪೀಕರಿನಲ್ಲಿ ಆಗ ಎಲ್ಲ ಮದುವೆಗಳಲ್ಲಿ, ಬಸ್ಸುಗಳಲ್ಲಿ ಕೇಳಿಬರುತ್ತಿದ್ದ ಹಾಡು ಬರುತ್ತಿತ್ತು:

ಎಲಿ ಕತ್ತರಿಸಿ ಎಲಿ ಮಡಚಿ ಬೆರಳಿಗೆ ಕಣ್ಣು ಬಂದಾವ,
ನನ್ನ ಕೂಸಿನ ಪಾಟಿಯ ಮ್ಯಾಲ ಅಕ್ಷರ ಹೂವಾಗಿ ನಿಂದಾವ.

ಸತ್ತೆವ್ವ ತುಟಿಯಲ್ಲೇ ಗುನುಗಿದಳು. ಹಾಡು ಮುಗಿದಾಗ, "ಕಡೀ ನುಡಿ ಬಿಟ್ಟಾರ," ಎಂದಳು.

"ಅದ ರೆಕಾರ್ಡಿಂಗ್ ಅಂಗಡಿ ಸಂಜಯ ಬರದದ್ದು ಅಷ್ಟ ಐತಿ ಆಯಿ," ಎಂದ ಭೀಮಸಿ. "ಸಿಡಿ ಮ್ಯಾಲ ಅವನ ಹೆಸರ ಐತಲ್ಲ."

"ಇರಬೇಕು," ಎಂದು ಮುದುಕಿ ಚಹಾ ಊದಿಕೊಂಡಳು. ದುಂಡವ್ವನ ಬಸಿ ತುಟಿಯ ಹತ್ತಿರ ಅರೆಗಳಿಗೆ ನಿಂತದ್ದು ಭೀಮಸಿಯ ಕಣ್ಣಿಗೆ ಬಿತ್ತು.

ಹಾಡಿನ ಮನೆಯಲ್ಲಿ ಶಾಂತಿನಾಥ ಮಾಸ್ತರು ನಿದ್ದೆಗೆಟ್ಟ ಮುಖ ಹೊತ್ತು ಕೂತಿದ್ದರು. ದುಂಡವ್ವ ಟೇಪುಗಳು ಯಾರ ಕೈಗೆ ಹೋಗಿ ಬಂದಿದ್ದವೆಂದು ಅವರನ್ನು ಕೇಳಿಕೊಂಡು ಸರ್ವರ್ ಕೋಣೆಗೆ ಹೋದಳು. ಕಪಾಟಿನಷ್ಟು ಎತ್ತರದ ಕಬ್ಬಿಣದ ಚೌಕಟ್ಟಿನಲ್ಲಿ ಸರ್ವರ್ ಕೂತಿತ್ತು. ಮುಂದೆ ಒಂದು ಪರದೆ, ಒಂದು ಕೀಬೋರ್ಡ್.

ಅವಳು ಗುಂಡಿ ಒತ್ತಿದಳು. ಪಂಖಗಳು ಬೊಬ್ಬಿಟ್ಟವು. ಪರದೆಯ ಮೇಲೆ ಬಿಳಿ ಅಕ್ಷರ ಮೂಡಿ, ಸೆಟ್ಟಿಂಗ್ ಬದಲಿಸಬೇಕಿದ್ದರೆ ಇಂಥ ಕೀಲಿ ಒತ್ತಿರೆಂದು ಹೇಳಿತು. ದುಂಡವ್ವ ಒತ್ತಿದಳು. ಮತ್ತೆ ಒತ್ತಿದಳು. ಏನೂ ಆಗಲಿಲ್ಲ. ಕೀಬೋರ್ಡಿನ ಮೂಲೆಯ ಸಣ್ಣ ದೀಪವೂ ಹತ್ತಲಿಲ್ಲ.

"ಕೀಬೋರ್ಡ್ ಕೆಟ್ಟೈತಿ," ಎಂದ ಭೀಮಸಿ.

ದುಂಡವ್ವ ಅದನ್ನು ಕಿತ್ತು ಮಾಸ್ತರರ ಮೇಜಿನ ಕಂಪ್ಯೂಟರಿಗೆ ಚುಚ್ಚಿದಳು. ದೀಪ ಹತ್ತಿತು. ಅವಳು 'ಭೀಮಸಿ' ಎಂದು ಟೈಪ್ ಮಾಡಿ ತೋರಿಸಿದಳು. ಕೀಬೋರ್ಡ್ ಗಟ್ಟಿಯಾಗಿಯೇ ಇತ್ತು.

ಆಮೇಲೆ ಬ್ಯಾಟರಿ ಹಿಡಿದು ಸರ್ವರಿನ ಹಿಂಬದಿಗೆ ಹೋದಳು. "ಇಲ್ಲಿ ನೋಡು." ಯುಎಸ್‌ಬಿಯ ಚಪ್ಪಟೆ ತೂತುಗಳ ಪಕ್ಕದಲ್ಲಿ ಹಳೆಯ ಕಾಲದ ಎರಡು ದುಂಡನೆಯ ತೂತುಗಳಿದ್ದವು, ಒಂದು ಹಸಿರು, ಒಂದು ನೇರಳೆ. ಹಸಿರಿನಲ್ಲಿ ಧೂಳು ಗಟ್ಟಿ ಕೂತಿತ್ತು. ನೇರಳೆಯದು ಸ್ವಚ್ಛವಿತ್ತು.

ಕಾವಲುಗಾರ ಸಮಾಧಾನನನ್ನು ಕರೆದು ಕೇಳಿದಳು, "ಮಳಿಗಾಲದಾಗ ಕರೆಂಟ್ ಹೋಗಿ ಬಂದ್ರ ಈ ಮಷೀನ್ ತಾನಾಗೇ ಎದ್ದು ಕುಂಡರತದೇನು?"

"ಒಮ್ಮೊಮ್ಮೆ ನಡುವ ನಿಲ್ಲತದ್ರಿ. ಯಾವುದೋ ಕೀಲಿ ಒತ್ರಿ ಅಂತ ಬರತದ. ಶುಭಾಂಗಕ್ಕ ಎಷ್ಟು ಒತ್ತಿದ್ರೂ ಕೇಳಂಗಿಲ್ಲ. ಸಂಜಯಣ್ಣಗ ಫೋನ್ ಮಾಡಬೇಕು. ಅವರು ಚೀಲದಾಗ ತಮ್ಮದೊಂದು ಹಳೆ ಕೀಬೋರ್ಡ್ ತರತಾರ, ಹಿಂದ ಚುಚ್ಚಿ ಎಬ್ಬಸತಾರ."

"ನಿನ್ನೆ ಬಂದಿದ್ನೇನು ಸಂಜಯ?"

"ಯುಪಿಎಸ್ ನೋಡಾಕ ಬಂದಿದ್ರು. ಶುಭಾಂಗಕ್ಕ ಪ್ರೆಸ್ಸಿಗೆ ಹೋದ ಮ್ಯಾಲ ಒಬ್ರ ಇದ್ರು."

ಅಂದು ಸಂಜೆಯೇ ಮಾಸ್ತರರ ಒಪ್ಪಿಗೆ ಪಡೆದು ಸರ್ವರಿನ ಡಿಸ್ಕುಗಳನ್ನು ಬಿಚ್ಚಿಸಿ, ಭೀಮಸಿಯ ಕೈಯಲ್ಲಿ ಬೆಳಗಾವಿಯ ತನ್ನ ಹಳೆಯ ಸಹೋದ್ಯೋಗಿಗೆ ಕಳಿಸಿದಳು. ಮಾಸ್ತರರಿಗೆ ಇನ್ನೊಂದು ಮಾತು ಹೇಳಿದಳು: "ನಾಳೆ ಎಲ್ಲಾರನೂ ಕೂಡಸ್ರಿ. ಸರ್ವರ್ ಚಾಲೂ ಮಾಡಿ ನೋಡೋದೈತಿ, ಬಾ ಅಂತ ಸಂಜಯಗ ಹೇಳ್ರಿ. ಹೆಚ್ಚಿಂದೇನೂ ಹೇಳಬ್ಯಾಡ್ರಿ."

ಶನಿವಾರ ಸಭಾಂಗಣದಲ್ಲಿ ಮಾಸ್ತರು, ಶುಭಾಂಗಿ, ಸತ್ತೆವ್ವ, ಸಮಾಧಾನ ಕೂತಿದ್ದರು. ಅಕ್ಕೋಳದಿಂದ ಹಾಡುವ ಹೆಂಗಸರು ಹತ್ತಾರು ಮಂದಿ ಬಂದು ಗೋಡೆಗುಂಟ ನಿಂತಿದ್ದರು. ಸರ್ವರನ್ನು ಹೊರಗೆ ತಂದು ಮೇಜಿನ ಮೇಲೆ ಇಟ್ಟಿದ್ದರು. ಸಂಜಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಬಂದ.

"ನೀವು ಕಂಡದ್ದು ಎಲ್ಲಾರ ಮುಂದ ಇನ್ನೊಮ್ಮೆ ಹೇಳ್ರಿ," ಎಂದಳು ದುಂಡವ್ವ.

"ಸರ್ವರ್ ಬಂದ್ ಮಾಡಿ ಚಾಲೂ ಮಾಡಿದ್ಲು. ವಿಂಡೋಸ್ ಬರೂ ಮೊದಲ ನೀಲಿ ಸೆಟ್ಟಿಂಗ್ ಪರದೆಗೆ ಹೋದ್ಲು. ಬಾಣದ ಕೀಲಿ ಒತ್ತಿ ಪೆನ್‌ಡ್ರೈವ್ ಆರಿಸಿದ್ಲು. ಏನೋ ರಿಪೇರಿ ಇರಬೇಕು ಅನಕೊಂಡೆ."

"ಇದ ಕೀಬೋರ್ಡಿನ್ಯಾಗ?"

"ಇಲ್ಲಿ ಬ್ಯಾರೆ ಕೀಬೋರ್ಡ್ ಎಲ್ಲೈತ್ರಿ? ಇದ."

"ಹಂಗಾರ ಆ ನೀಲಿ ಪರದೆಗೆ ನೀವು ಹೋಗಿ ತೋರಸ್ರಿ."

ಸಂಜಯ ಮೇಜಿನ ಹತ್ತಿರ ಬಂದ. ಪಂಖಗಳು ಬೊಬ್ಬಿಟ್ಟವು. ಬಿಳಿ ಅಕ್ಷರ ಮೂಡಿತು. ಅವನ ಬೆರಳು ಕೀಬೋರ್ಡಿನ ಮೇಲೆ ಹೋಗಿ ಅಲ್ಲೇ ನಿಂತಿತು. ಒತ್ತಲಿಲ್ಲ.

"ಒತ್ರಿ. ಯಾಕ ತಡದ್ರಿ?"

ಒತ್ತಿದ. ಏನೂ ಆಗಲಿಲ್ಲ. "ಕೀಬೋರ್ಡ್ ಹೋಗೈತಿ," ಎಂದ.

"ಮಾಸ್ತರ ಕಂಪ್ಯೂಟರಿನ್ಯಾಗ ನಿನ್ನೆ ನಾನ ಟೈಪ್ ಮಾಡೀನಿ. ಚೊಲೋ ಐತಿ." ದುಂಡವ್ವನ ದನಿ ಏರಲಿಲ್ಲ. "ಇರಲಿ. ಈ ಮಷೀನ್ ನಡುವ ನಿಂತಾಗ ಎಬ್ಬಸಾಕ ನೀವು ತರತೀರಲ್ಲ, ಆ ಕೀಬೋರ್ಡ್ ಇವತ್ತೂ ಚೀಲದಾಗ ಇರಬೇಕು. ತೆಗೀರಿ."

ಎಲ್ಲರ ಕಣ್ಣೂ ಚೀಲದ ಮೇಲೆ ಬಿತ್ತು. ಅವನು ನಿಧಾನವಾಗಿ ಒಂದು ಹಳೆಯ ಕೀಬೋರ್ಡ್ ಹೊರತೆಗೆದ. ಅದರ ತುದಿಯಲ್ಲಿ ದುಂಡನೆಯ ನೇರಳೆ ಪಿನ್ನಿತ್ತು. ದುಂಡವ್ವ ಅದನ್ನು ಹಿಂದಿನ ನೇರಳೆ ತೂತಿಗೆ ಚುಚ್ಚಿ ಸರ್ವರನ್ನು ಮತ್ತೆ ಚಾಲೂ ಮಾಡಿ, ಒಂದೇ ಸಲ ಕೀಲಿ ಒತ್ತಿದಳು. ನೀಲಿ ಪರದೆ ತೆರೆಯಿತು.

"ಮಾಸ್ತರ, ಇದನ್ನ ಓದ್ರಿ."

ಮಾಸ್ತರು ಚಷ್ಮಾ ಏರಿಸಿಕೊಂಡು ಓದಿದರು. "ಯುಎಸ್‌ಬಿ ಸಪೋರ್ಟ್... ಬಂದ್ ಅಂತೈತಿ."

ಆಗ ದುಂಡವ್ವ ಎಲ್ಲರಿಗೂ ತಿಳಿಯುವಂತೆ ಬಿಡಿಸಿ ಹೇಳಿದಳು. "ಕಂಪ್ಯೂಟರಿನ್ಯಾಗ ವಿಂಡೋಸ್ ಏಳೂ ಮೊದಲ ಮಷೀನಿನೊಳಗಿನ ಒಂದು ಸಣ್ಣ ಪ್ರೋಗ್ರಾಮ್ ಏಳತದ. ಯುಎಸ್‌ಬಿಗೆ ಹಾಕಿದ ಸಾಮಾನು ಕೇಳು ಅಂತ ಅದಕ್ಕ ಹೇಳಿದ್ರಷ್ಟ ಕೇಳತದ. ಇದು ಬ್ಯಾಂಕಿನ ಸರ್ವರ್. ಕಂಡವರು ಪೆನ್‌ಡ್ರೈವ್ ಚುಚ್ಚಿ ಚಾಲೂ ಮಾಡಬಾರದು ಅಂತ ಬ್ಯಾಂಕಿನವರು ಅದನ್ನ ಬಂದ್ ಇಟ್ಟಿದ್ರು. ವಿಂಡೋಸ್ ಬಂದ ಮ್ಯಾಲ ಯುಎಸ್‌ಬಿ ಕೀಬೋರ್ಡ್, ಪೆನ್‌ಡ್ರೈವ್ ಎರಡೂ ನಡೀತಾವ. ಅದಕ್ಕ ಶುಭಾಂಗಿ ಮುಂಜಾನೆ ಹೆಸರಿನ ಪಟ್ಟಿ ತೊಗೊಂಡ್ಲು. ಅದರ ಮೊದಲ ಮಾತ್ರ ಎರಡೂ ಸತ್ತಂಗ. ಈ ಕೀಬೋರ್ಡಿನ್ಯಾಗ ಆಕಿ ನೀಲಿ ಪರದೆಗೆ ಹೋಗಾಕೂ ಆಗಂಗಿಲ್ಲ, ಪೆನ್‌ಡ್ರೈವಿನಿಂದ ಸರ್ವರ್ ಎಬ್ಬಸಾಕೂ ಆಗಂಗಿಲ್ಲ."

"ಅಳಿಸಿದ ಮ್ಯಾಲ ಆಕೀನ ಬಂದ್ ಮಾಡಿರಬಹುದಲ್ರಿ?" ಎಂದರು ಮಾಸ್ತರು.

"ಕೇಳಬೇಕಾದ್ದ ಕೇಳಿದ್ರಿ. ಸಮಾಧಾನ, ನಿನ್ನೆ ಹೇಳಿದ್ದು ಹೇಳಪಾ." ಅವನು ಮಳೆಗಾಲದ ಕತೆ ಹೇಳಿದ. "ಅಂದ್ರ ಅದು ಮೊದಲಿಂದ ಬಂದ್ ಇತ್ತು," ಎಂದಳು ದುಂಡವ್ವ. "ಅದು ಗೊತ್ತಿದ್ದಾಂವ ಒಬ್ಬನ, ದುಂಡು ಪಿನ್ನಿನ ಕೀಬೋರ್ಡ್ ಇಟಕೊಂಡಾಂವ. ಗುರುವಾರ ಆ ತೂತಿನ ಧೂಳು ಒರಸಿದ್ದು ಅದ ಪಿನ್ನು. ಸಂಜಯ, ನೀವು ಅದನ್ನ ಚುಚ್ಚಿ, ಅಳಸೂ ಪ್ರೋಗ್ರಾಮಿನ ಸಿಡಿ ಹಾಕಿ ಎಲ್ಲಾ ಅಳಿಸಿದ್ರಿ. ಆಮ್ಯಾಲ ಸುಳ್ಳು ಹೇಳುವಾಗ ಎಲ್ಲಾ ಕಂಪ್ಯೂಟರ್ ಹೆಂಗ ನಡೀತಾವೋ ಹಂಗ ಹೇಳಿದ್ರಿ. ಈ ಕಂಪ್ಯೂಟರ್ ಹೆಂಗ ಅನ್ನೋದು ಮರತ್ರಿ."

"ನಾ ಯಾಕ ಅಳಸ್ಲಿ?" ಎಂದ ಸಂಜಯ.

ದುಂಡವ್ವ ಭೀಮಸಿಗೆ ಸನ್ನೆ ಮಾಡಿದಳು. ಬೆಳಗಾವಿಯಿಂದ ಅಂದು ಮುಂಜಾನೆ ತಂದ ಹೊಸ ಡಿಸ್ಕನ್ನು ಅವನು ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದ. "ಅವಸರದಾಗ ಇವರು ಅಳಿಸಿದ್ದು ಯಾವ ಹಾಡು ಎಲ್ಲಿ ಐತಿ ಅನ್ನೋ ಗುರುತಷ್ಟ. ಹಾಡು ಇದ್ದಲ್ಲೇ ಇದ್ವು. ಎಲ್ಲಾ ತಿರುಗಿ ಸಿಕ್ಕಾವ."

ಗೋಡೆಗುಂಟ ನಿಂತ ಹೆಂಗಸರಲ್ಲಿ ಗುಜುಗುಜು ಎದ್ದಿತು. ಮಾಸ್ತರು ಕುರ್ಚಿಯ ಕೈ ಹಿಡಿದುಕೊಂಡರು.

ಶುಭಾಂಗಿ ಡಿಸ್ಕನ್ನು ಮಾಸ್ತರರ ಕಂಪ್ಯೂಟರಿಗೆ ಜೋಡಿಸಿದಳು. ದುಂಡವ್ವ ತೋರಿಸಿದ ಹಾಡನ್ನು ಹಚ್ಚಿದಳು. ರಾಶಿ ಹಾಡು ತುಂಬುವ ಅವಸರದಲ್ಲಿ ಅದನ್ನು ಅವಳೂ ಕೊನೆತನಕ ಕೇಳಿರಲಿಲ್ಲ. ಮೊದಲು ಮಾಸ್ತರರದೇ ದನಿ: "ಅಕ್ಕೋಳ, ಎರಡು ಸಾವಿರದ ಮೂರು, ದೀಪಾವಳಿ ಮರುದಿನ." ಆಮೇಲೆ ಒಬ್ಬ ಹೆಂಗಸಿನ ತುಂಬಿದ ಕಂಠ. ಎಲಿ ಕತ್ತರಿಸಿ, ಎಲಿ ಮಡಚಿ. ಎಲ್ಲರಿಗೂ ಗೊತ್ತಿದ್ದ ಹಾಡು. ಸಂಜಯನ ಸಿಡಿ ಬಂದದ್ದು ಅದಾಗಿ ಮೂರು ವರ್ಷಕ್ಕೆ. ಈ ಹಾಡು ಮಾತ್ರ ಸಿಡಿ ಮುಗಿಸಿದ ಕಡೆ ಮುಗಿಯಲಿಲ್ಲ:

ಅಕ್ಕೋಳದಾಕಿ ಸತ್ತೆವ್ವ ನಾನು, ಕಟ್ಟಿದ ಹಾಡು ನಂದವ್ವ,
ಓದಿ ಬಂದು ನನ್ನ ಮೊಮ್ಮಗಳು ನನಗಿದ ಓದಿ ತೋರಲೆವ್ವ.

"ಟೇಪ್ ಸ್ವಚ್ಛ ಮಾಡಾಕ ಮಾಸ್ತರು ಇವರ ಅಂಗಡಿಗೆ ಕೊಟ್ಟಿದ್ರು," ಎಂದಳು ದುಂಡವ್ವ. "ಅಲ್ಲಿ ಹಾಡು ಸಿಕ್ತು. ಹೆಸರಿದ್ದ ನುಡಿ ಬಿಟ್ರು. ನಾಳೆ ಎಲ್ಲಾ ಹಾಡು ಊರಿಗೆ ತೆರೀತಿದ್ವು."

ಸಂಜಯ ಬೆಂಚಿನ ಮೇಲೆ ಕುಸಿದ.

"ಆ ಒಂದು ಹಾಡು ಅಳಿಸಿದ್ರ ಸಾಕಾಗತಿತ್ತಲ್ಲೋ," ಎಂದರು ಮಾಸ್ತರು. ಸಿಟ್ಟಿಗಿಂತ ನೋವೇ ಹೆಚ್ಚಿತ್ತು ಅವರ ಮಾತಿನಲ್ಲಿ.

"ಒಂದ ಇಲ್ಲಂದ್ರ ಯಾವುದು ಇಲ್ಲ ಅಂತ ಹುಡಕತಿದ್ರಿ ಸರ್."

ಸತ್ತೆವ್ವ ಎದ್ದು ಅವನ ಹತ್ತಿರ ಹೋದಳು. "ಕೇಳಿದ್ರ ಕೊಡತಿದ್ದೆನಲ್ಲೋ ತಮ್ಮಾ. ಹಾಡು ಕೇಳಿ ಬಂದವರಿಗೆ ಇಲ್ಲ ಅಂದಾಕಿ ಅಲ್ಲ ನಾ. ಸತ್ತ ನನ್ನ ಗೆಳತ್ಯಾರ ದನಿ ಯಾಕ ಮುಟ್ಟಿದಿ?" ಮಾಸ್ತರು ಬರೆದಿಟ್ಟ ದೂರಿನಲ್ಲಿ ಹೆಸರು ಬದಲಾಯಿತು.

ಮಾಸ್ತರು ಶುಭಾಂಗಿಯ ಮುಂದೆ ಕೈಮುಗಿದರು. "ತಪ್ಪಾತವಾ. ನಾಳೆಯಿಂದ ಈ ಮನಿ ನಿನ್ನ ಕೈಯಾಗ."

"ಹಾಡು ಹಚ್ಚೂ ಮೊದಲ ಹಾಡಿದವರ ಹೆಸರು ಹೇಳಬೇಕ್ರಿ ಸರ್. ಒಬ್ಬರದೂ ಬಿಡಬಾರದು," ಎಂದಳು ಅವಳು.

ರವಿವಾರ ಸಭಾಂಗಣ ತುಂಬಿ ಜನ ಬೀದಿಯಲ್ಲಿ ನಿಂತಿದ್ದರು. ಶುಭಾಂಗಿ ಮೈಕಿನ ಮುಂದೆ ನಿಂತು ಹೆಸರು ಕರೆದಳು, ಊರ ಹೆಸರಿನೊಂದಿಗೆ, ಹೆಸರಿನ ಬೆನ್ನಿಗೆ ಅವರದೊಂದು ಹಾಡು ಹಚ್ಚುತ್ತ. ಇದ್ದವರು ಎದ್ದು ನಿಂತರು. ಇಲ್ಲದವರ ಪರವಾಗಿ ಅವರ ಮಗಳೋ ಸೊಸೆಯೋ ಎದ್ದು ನಿಂತಳು. ಕಾಗವಾಡದ ಸಾವಕ್ಕನ ಹೆಸರು ಬಂದಾಗ ಯಾರೂ ಏಳಲಿಲ್ಲ. ಅವಳಿಗೆ ಹಿಂದೆ ಮುಂದೆ ಯಾರೂ ಉಳಿದಿರಲಿಲ್ಲ. ಸಭೆ ಕಾಯಿತು.

ಮುಂದಿನ ಸಾಲಿನಲ್ಲಿ ದುಂಡವ್ವ ಎದ್ದು ನಿಂತಳು. ಅವಳ ಹಿಂದೆ ಭೀಮಸಿ ಟೊಪ್ಪಿಗೆ ಸರಿಮಾಡಿಕೊಂಡು, ಎದೆ ಸೆಟೆಸಿ ಎದ್ದ. ಆಮೇಲೆ ಇಡೀ ಸಭೆ ಎದ್ದು ನಿಂತಿತು, ಸಾವಕ್ಕನ ಹಾಡು ಮುಗಿಯುವ ತನಕ.