ಗಾಜಿನ ಮಬ್ಬು

“ನೀ ಹೈವೇ ಹಿಡ್ದು ಹೋಗು, ನಾ ಘಾಟ್ ಏರ್ತೀನಿ. ಅಂಜುಬುರುಕನ್ನ ಕಟ್ಕೊಂಡು ಆಲ್ಪ್ಸ್ ನೋಡಾಕ ನನಗೇನು ಹುಚ್ಚು ಹಿಡದೈತಿ?” ಎಂದು ಗೆಳೆಯ ಶರಣಬಸಪ್ಪ ಮೇಜು ಗುದ್ದಿದ.

ಮಟಮಟ ಮಧ್ಯಾಹ್ನ, ಸಿಂಗಪುರದ ಹೌಗಾಂಗಿನ ನನ್ನ ಮನೆ. ಫ್ರಾನ್ಸಿನ ಬಯಲಿನಿಂದ ಆಲ್ಪ್ಸ್‌ವರೆಗೆ ಬೈಕಿನ ದಾರಿ ಗೊತ್ತುಮಾಡಲು ಕೂತಿದ್ದೆವು.

“ಅಕ್ಟೋಬರ್‌ದಾಗ ಆ ಘಾಟಿನಾಗ ಹಿಮ ಬೀಳತೈತಿ. ಸಾಯ್ತಿ, ಮಗನ,” ಎಂದೆ.

ಆಗಲೇ ಮೇಜಿನ ಮೇಲಿದ್ದ ಅವನ ಹೆಲ್ಮೆಟ್ಟಿನ ಗಾಜು ಒಳಗಿನಿಂದ ಮಬ್ಬಾಯಿತು, ಯಾರೋ ಅದರೊಳಗೆ ಉಸಿರು ಬಿಟ್ಟಂತೆ. ಸೆಖೆಗೆ ನನ್ನ ಅಂಗಿ ಬೆನ್ನಿಗೆ ಅಂಟಿತ್ತು; ಎಸಿ ಹಾಕಿರಲಿಲ್ಲ. ಕೈ ಹಾಕಿ ಗಾಜು ಒರೆಸಿದರೆ ಬೆರಳು ಮರಗಟ್ಟಿತು. ಗಾಜು ಮತ್ತೆ ಮಬ್ಬಾಯಿತು.

“ಲೇ, ಇಲ್ಲಿ ನೋಡು.”

“ನೆಪ ಹುಡುಕಬ್ಯಾಡ,” ಎಂದವನೇ ಹೆಲ್ಮೆಟ್ ಎತ್ತಿಕೊಂಡು ಬಾಗಿಲಿಗೆ ನಡೆದ. “ನಾ ಹೋಗ್ತೀನಿ.”

ನಮ್ಮ ಕಡೆ ಹೊಸ್ತಿಲಲ್ಲಿ ನಿಂತು ಯಾರೂ ಹಾಗನ್ನುವುದಿಲ್ಲ. ಎಷ್ಟೇ ಸಿಟ್ಟಿದ್ದರೂ ‘ಬರ್ತೀನಿ’ ಎನ್ನುತ್ತೇವೆ. “ಬರ್ತೀನಿ ಅನ್ನಲೇ,” ಎಂದು ನಾನು ಕೂಗುವಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿತು.

ಅದಾಗಿ ವರ್ಷವಾಯಿತು; ಅವನನ್ನು ಮತ್ತೆ ಯಾರೂ ಕಂಡಿಲ್ಲ. ಅವನ ಪಾಸ್‌ಪೋರ್ಟ್ ಅವನ ಮನೆಯಲ್ಲೇ ಇದೆ. ಬೈಕು ನಮ್ಮ ಬ್ಲಾಕಿನ ಕೆಳಗೆ ನಿಲ್ಲಿಸಿದಲ್ಲೇ ನಿಂತಿದೆ. ಅದರ ಕನ್ನಡಿಗೆ ನೇತುಬಿದ್ದಿರುವ ಅದೇ ಹೆಲ್ಮೆಟ್ಟಿನ ಗಾಜನ್ನು ನಾನು ದಿನಾ ಒರೆಸುತ್ತೇನೆ.